ದುಡಿಯುವವರದೇ ಸಂಘ: ಸದಸ್ಯರ ಕೈಲಿರುವ ಕಾನೂನು

ದೆಹಲಿಯ ಮೋಹನ್ ಸಿಂಗ್ ಪ್ಲೇಸ್‌ನ ಇಂಡಿಯನ್ ಕಾಫಿ ಹೌಸ್‌ಗೆ ಒಬ್ಬ ಮಾಲೀಕ ಅಂತ ಇಲ್ಲ. ಅದನ್ನು ನಡೆಸುವುದು ಕಾರ್ಮಿಕರ ಸಹಕಾರ ಸಂಘ. 1950ರ ದಶಕದಲ್ಲಿ ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿದಾಗ ಕೆಲಸ ಹೋದವರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಸಂಘ ಕಟ್ಟಿಕೊಂಡರು. ಮೊದಲನೆಯದು ನಮ್ಮ ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಅದೇ ವರ್ಷ ಅಕ್ಟೋಬರ್ 27ಕ್ಕೆ ದೆಹಲಿಯಲ್ಲೂ ಬಾಗಿಲು ತೆರೆಯಿತು.

ಹಳ್ಳಿಯ ಹೊಲಿಗೆಯವರಾಗಲಿ, ಗಾರೆ ಕೆಲಸದವರಾಗಲಿ ಹೀಗೆ ಒಂದಾಗುವುದು ಇಂದು ಮೂಲಭೂತ ಹಕ್ಕು. 2012ರಲ್ಲಿ ಜಾರಿಗೆ ಬಂದ 97ನೇ ತಿದ್ದುಪಡಿ, ಸಂವಿಧಾನದ 19(1)(ಸಿ) ವಿಧಿಯಲ್ಲಿ ಸಹಕಾರ ಸಂಘಗಳನ್ನೂ ಸೇರಿಸಿತು.

ನೋಂದಣಿ ಎಲ್ಲಿ ಎಂಬುದು ದೆಹಲಿ ಸುತ್ತಲಿನವರಿಗೆ ತೊಡಕಿನ ಪ್ರಶ್ನೆ. ದೆಹಲಿಗೆ 2003ರ ಸಹಕಾರ ಸಂಘಗಳ ಕಾಯ್ದೆ ಇದೆ. ಗುರುಗ್ರಾಮಕ್ಕೆ ಹರಿಯಾಣದ್ದು, ನೋಯ್ಡಾಕ್ಕೆ ಉತ್ತರ ಪ್ರದೇಶದ್ದು ಬೇರೆ. ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಕೆಲಸ ಮಾಡುವ ಸಂಘವಾದರೆ 2002ರ ಬಹುರಾಜ್ಯ ಕಾಯ್ದೆ. ವ್ಯಕ್ತಿಗಳೇ ಕಟ್ಟುವುದಾದರೆ ಪ್ರತಿ ರಾಜ್ಯದಿಂದ ಕನಿಷ್ಠ 50 ಮಂದಿ ಅರ್ಜಿಗೆ ಸಹಿ ಹಾಕಬೇಕು. ಅಂಥ ಸಂಘದಲ್ಲಿ ಅನ್ಯಾಯವಾದರೆ ದೂರು ಕೊಡಲು 2023ರ ತಿದ್ದುಪಡಿ ಒಂಬುಡ್ಸ್‌ಮನ್ ಹುದ್ದೆಯನ್ನೂ ತಂದಿದೆ.

ಸೇರಿದವರು ಮರೆಯಬಾರದ ಮಾತೊಂದಿದೆ: ಇಲ್ಲಿ ನೀವು ಸದಸ್ಯರೂ ಹೌದು, ನೌಕರರೂ ಹೌದು. ಷೇರು ಎಷ್ಟೇ ಇರಲಿ, ಸದಸ್ಯರಿಗೆ ತಲಾ ಒಂದೇ ಮತ. ಚುನಾವಣೆ, ಸದಸ್ಯತ್ವ, ಸಂಘದ ವ್ಯವಹಾರದ ತಕರಾರಿದ್ದರೆ ದೆಹಲಿ ಕಾಯ್ದೆಯ 70ನೇ ಕಲಮಿನಡಿ ಸಹಕಾರ ಸಂಘಗಳ ನಿಬಂಧಕರ (ರಿಜಿಸ್ಟ್ರಾರ್) ಮುಂದೆ ಹೋಗಬೇಕು. ನಮ್ಮ 1959ರ ಕರ್ನಾಟಕ ಕಾಯ್ದೆಯಲ್ಲೂ ಇದು 70ನೇ ಕಲಮೇ. ಆದರೆ ದೆಹಲಿಯಲ್ಲಿ ಸಂಬಳದ ನೌಕರರ ಮೇಲಿನ ಶಿಸ್ತುಕ್ರಮದ ವ್ಯಾಜ್ಯ ಈ ಕಲಮಿಗೆ ಬರುವುದಿಲ್ಲ; ಅದಕ್ಕೆ ಕಾರ್ಮಿಕ ಕಾನೂನಿನ ದಾರಿ. ತಪ್ಪು ಬಾಗಿಲು ತಟ್ಟಿ ವರ್ಷಗಟ್ಟಲೆ ಅಲೆಯುವುದು ಬಡವರಿಗೆ ಆಗುವ ಮಾತಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ಲೆಕ್ಕದ ವಿಚಾರ. ಮಹಾಸಭೆಯಲ್ಲಿ ಜಮಾಖರ್ಚು ಕೇಳಿ, ಬೈಲಾದ ಪ್ರತಿ ಪಡೆಯಿರಿ. ಆಡಳಿತ ಮಂಡಳಿ ಲೆಕ್ಕ ಕೊಡದಿದ್ದರೂ ದಾರಿಯುಂಟು. ಸಹಕಾರ ಸಂಘ ಎಂದ ಮಾತ್ರಕ್ಕೆ ಅದು ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ, ಕೇರಳದ ತಲಪ್ಪಾಲಂ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಹೇಳಿತು. ಆದರೆ ನಿಬಂಧಕರು ಕಾನೂನಿನ ಪ್ರಕಾರ ಸಂಘದಿಂದ ಪಡೆಯಬಹುದಾದ ಮಾಹಿತಿಯನ್ನು ಅವರ ಕಚೇರಿಯಿಂದಲೇ ಕೇಳಬಹುದು ಎಂದೂ ಅದೇ ತೀರ್ಪು ಹೇಳಿದೆ. ಹಾಗಾಗಿ ಅರ್ಜಿ ಬರೆಯುವಾಗ ಸಂಘದ ಕಾರ್ಯದರ್ಶಿಗಲ್ಲ, ನಿಬಂಧಕರ ಕಚೇರಿಯ ಮಾಹಿತಿ ಅಧಿಕಾರಿಗೆ ಬರೆಯಿರಿ; ಯಾವ ವರ್ಷದ ಲೆಕ್ಕಪರಿಶೋಧನಾ ವರದಿ ಬೇಕೆಂದು ಕಾಣಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಉತ್ತರಕ್ಕೆ ಅವರಿಗಿರುವುದು 30 ದಿನ.