ಬೆಟ್ಟದ ಹಿಮವೇ ಕೆರೆ

ಮಳೆಯನ್ನು ನಂಬದೆ ಬೇಸಾಯ ಮಾಡುವ ನಾಡೊಂದುಂಟು. ಲಡಾಖಿನ ಲೇಹ್ ಪ್ರದೇಶದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 4 ಅಂಗುಲ. ಚಳಿಗಾಲದಲ್ಲಿ ಪಶ್ಚಿಮದಿಂದ ಬರುವ ಬಿರುಗಾಳಿಗಳು ಬೆಟ್ಟಗಳ ಮೇಲೆ ಹಿಮ ಸುರಿಸುತ್ತವೆ. ಅದೇ ಅವರ ಕೆರೆ. ಆದರೆ ಎತ್ತರದ ಹಿಮ ಚೆನ್ನಾಗಿ ಕರಗಲು ಜೂನ್ ಬರಬೇಕು. ಜವೆಗೋಧಿಯ ಬಿತ್ತನೆಗೆ ನೀರು ಬೇಕಾದುದೋ ಏಪ್ರಿಲ್-ಮೇ ತಿಂಗಳಲ್ಲಿ. ಬಿತ್ತನೆ ತಡವಾದರೆ ಪೈರು ಮಾಗುವ ಮೊದಲೇ ಚಳಿ ಹಿಡಿಯುವುದು.

ಇಂಜಿನಿಯರ್ ಚೆವಾಂಗ್ ನೋರ್ಫೆಲ್ ಅವರು 1987ರಲ್ಲಿ ಇದಕ್ಕೊಂದು ಉಪಾಯ ಹೂಡಿದರು. ಚಳಿಗಾಲದಲ್ಲಿ ವ್ಯರ್ಥವಾಗಿ ಹರಿದುಹೋಗುವ ಹಳ್ಳದ ನೀರನ್ನು ಊರಿನ ಮೇಲುಗಡೆಯ ನೆರಳಿನ ಜಾಗಕ್ಕೆ ತಿರುಗಿಸಿ, ಸಾಲು ಕಲ್ಲೊಡ್ಡುಗಳಿಂದ ತಡೆದರು. ಓಟ ತಗ್ಗಿದ ನೀರು ಅಲ್ಲೇ ಹೆಪ್ಪುಗಟ್ಟಿತು. ಬೆಟ್ಟದ ತುದಿಗಿಂತ ಕೆಳಗಿರುವುದರಿಂದ ಅದು ಬೇಗ ಕರಗಿ ಬಿತ್ತನೆಗೆ ಒದಗುವುದು. ಹಿಮ ಕಡಿಮೆ ಬಿದ್ದ ವರ್ಷ ಮಾತ್ರ ಹಳ್ಳವೇ ಸೊರಗುತ್ತದೆ. ಆಗ ಒಡ್ಡುಗಳೂ ತುಂಬವು.