ಕೊಂಡ ವಿಮಾನ ಎಂಜಿನ್ ಕಾರ್ಗೋದಲ್ಲಿ ತರಿಸುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಅಮೆರಿಕದಿಂದ ಬಳಸಿದ ಲೈಕಮಿಂಗ್ ಒ-320 ಅಥವಾ ಅಂಥದೇ ಪಿಸ್ಟನ್ ಎಂಜಿನ್ ಕೊಂಡು ಭಾರತಕ್ಕೆ ತರಿಸುವ ಫ್ಲೈಯಿಂಗ್ ಸ್ಕೂಲು, ವರ್ಕ್‌ಶಾಪು ಮತ್ತು ವಿಮಾನ ಮಾಲೀಕರಿಗೆ.

ತಪ್ಪಿದರೆ

ಬಿದ್ದ ಎಂಜಿನ್ ಹೊರಗಿನಿಂದ ನೆಟ್ಟಗೇ ಕಾಣುತ್ತದೆ. ಬಿರುಕು ಬಿಟ್ಟ ಕ್ರ್ಯಾಂಕ್‌ಶಾಫ್ಟ್ ತುಂಡಾಗುವುದು ಆಕಾಶದಲ್ಲಿ. ಒಳಗುಳಿದ ಪೆಟ್ರೋಲು ಕಾರ್ಗೋ ವಿಮಾನಕ್ಕೇ ಬೆಂಕಿ ಹಚ್ಚಬಲ್ಲದು. ಮ್ಯಾಗ್ನೆಟೊದ ಗ್ರೌಂಡ್ ವೈರು ಕಳಚಿದ ಎಂಜಿನ್ ಕೈಯಲ್ಲಿ ತಿರುಗಿಸಿದರೂ ಚಾಲೂ ಆಗಬಲ್ಲದು. ತೇವ ಹೊಕ್ಕರೆ ಕ್ಯಾಮ್‌ಶಾಫ್ಟ್ ತುಕ್ಕು ಹಿಡಿಯುತ್ತದೆ.

ಸಾಗಣೆದಾರರ ಪರಿಹಾರ ಸಾಲದು. ಮಾಂಟ್ರಿಯಲ್ ಒಪ್ಪಂದದಂತೆ ವಿಮಾನದ ಸರಕಿಗೆ ಕಿಲೋಗೆ 26 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಏಕಮಾನ) ಮಿತಿ: 130 ಕಿಲೋ ಎಂಜಿನ್‌ಗೆ 3,380. ಅಮೆರಿಕದ 1936ರ ಕಡಲ ಸಾಗಣೆ ಕಾಯ್ದೆಯಲ್ಲಿ ಒಂದು ಪೆಟ್ಟಿಗೆಗೆ 500 ಡಾಲರ್. ಎರಡರಲ್ಲೂ ಓವರ್‌ಹಾಲ್ ಖರ್ಚು ಹುಟ್ಟುವುದಿಲ್ಲ.

ಮಾಡಬೇಕಾದ್ದು

*ಕಳಚುವಾಗ*
- ಕಳಚುವ ಮೊದಲು, ತಯಾರಕರು ಹೇಳಿದ ಸಂರಕ್ಷಕ ಎಣ್ಣೆ ಹಾಕಿ ಎಂಜಿನ್ ಓಡಿಸಿ.
- ಕಾರ್ಬುರೇಟರ್, ಫ್ಯೂಯಲ್ ಪಂಪ್, ಪೈಪುಗಳಿಂದ ಪೆಟ್ರೋಲನ್ನು ಪೂರ್ತಿ ಬಸಿಯಿರಿ.
- ಸಂಪಿನ ಎಣ್ಣೆ ಬಸಿಯಿರಿ.
- ಸಿಲಿಂಡರುಗಳ ಒಳಗೆ ಸಂರಕ್ಷಕ ಎಣ್ಣೆ ಸಿಂಪಡಿಸಿ.
- ಮೇಲಿನ ಸ್ಪಾರ್ಕ್ ಪ್ಲಗ್ ತೆಗೆದು ಸಿಲಿಕಾ ಜೆಲ್ ಪ್ಲಗ್ ಕೂರಿಸಿ.
- ಇನ್‌ಟೇಕ್, ಎಗ್ಸಾಸ್ಟ್, ಬ್ರೀದರ್ ಬಾಯಿಗಳಿಗೆ ಮುಚ್ಚಳ ಹಾಕಿ.

*ಪೆಟ್ಟಿಗೆ ಕಟ್ಟುವಾಗ*
- ಎಂಜಿನ್ನಿನ ಮೇಲಿರುವ ಎತ್ತುವ ಕೊಂಡಿಗೇ ಕ್ರೇನ್ ಹುಕ್ ಹಾಕಿ.
- ನಾಲ್ಕು ಮೌಂಟ್ ಜಾಗಗಳಲ್ಲಿ ಬೋಲ್ಟ್ ಬಿಗಿದು ಪೆಟ್ಟಿಗೆಯ ತಳಕ್ಕೆ ಕೂರಿಸಿ.
- 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿದ, ಐಪಿಪಿಸಿ ಮುದ್ರೆಯ ಮರವನ್ನೇ ಬಳಸಿ.
- ಫೋರ್ಕ್‌ಲಿಫ್ಟ್ ತೂರುವಷ್ಟು ತಳ ಎತ್ತರಿಸಿ.
- ಹೊರಮೈಗೆ ಶಾಕ್ ಇಂಡಿಕೇಟರ್, ಟಿಲ್ಟ್ ಇಂಡಿಕೇಟರ್ ಅಂಟಿಸಿ.
- ಮುಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆಸಿ.

*ಕಾಗದಪತ್ರ*
- ಸೀರಿಯಲ್ ನಂಬರನ್ನು ಲಾಗ್‌ಬುಕ್ಕಿನ ಜೊತೆ ತಾಳೆ ನೋಡಿ.
- ಎಫ್‌ಎಎ 8130-3 ಪ್ರಮಾಣಪತ್ರ ಪಡೆಯಿರಿ.
- ಲಾಗ್‌ಬುಕ್ಕಿನ ಪ್ರತಿ ಪುಟ ಸ್ಕ್ಯಾನ್ ಮಾಡಿಸಿ.
- ಲಾಗ್‌ಬುಕ್ ಬೇರೆ ಕೊರಿಯರಿನಲ್ಲಿ ತರಿಸಿ.
- ಎಂಜಿನ್ ಓಡಿದ್ದು, ಪೆಟ್ರೋಲು ಬಸಿದದ್ದು ಎರಡನ್ನೂ ಕಾರ್ಗೋ ಏಜೆಂಟರಿಗೆ ಲಿಖಿತವಾಗಿ ತಿಳಿಸಿ.
- ಯುಎನ್ 3528 ಅಪಾಯಕಾರಿ ಸರಕಿನ ನಿಯಮ ಅನ್ವಯಿಸುತ್ತದೆಯೇ ಎಂಬುದನ್ನು ಏಜೆಂಟರಿಂದ ಬರಹದಲ್ಲೇ ಪಡೆಯಿರಿ.
- ಪೂರ್ತಿ ಬೆಲೆಗೆ, ಬಾಗಿಲಿನಿಂದ ಬಾಗಿಲಿಗೆ ವಿಮೆ ಮಾಡಿಸಿ.

*ಬಂದಿಳಿದಾಗ*
- ಪೆಟ್ಟಿಗೆಯನ್ನು ಲಾರಿ ಡ್ರೈವರನ ಎದುರಿಗೇ ಸುತ್ತು ಹಾಕಿ ನೋಡಿ.
- ಕಂಡ ಏಟನ್ನು ಡೆಲಿವರಿ ರಸೀದಿಯ ಮೇಲೆ ಬರೆದು ಸಹಿ ಹಾಕಿ.
- ಸಿಲಿಕಾ ಜೆಲ್ ಬಣ್ಣ ನೋಡಿ: ನೀಲಿ ಇದ್ದರೆ ಒಣಗಿದೆ, ಗುಲಾಬಿಗೆ ತಿರುಗಿದ್ದರೆ ತೇವ ಹೊಕ್ಕಿದೆ.
- ಒಳಗೆ ಹಾನಿ ಕಂಡರೆ ಲಿಖಿತ ದೂರು ಕೊಡಿ: ಹಡಗಿನ ಸರಕಿಗೆ 3 ದಿನದೊಳಗೆ, ವಿಮಾನದ ಸರಕಿಗೆ 14 ದಿನದೊಳಗೆ.

ಮಾಡಬಾರದ್ದು

*ಕಳಚುವಾಗ*
- ಸಂರಕ್ಷಕ ಎಣ್ಣೆ ಸಿಂಪಡಿಸಿದ ಮೇಲೆ ಕ್ರ್ಯಾಂಕ್‌ಶಾಫ್ಟ್ ತಿರುಗಿಸಬಾರದು.
- ಪ್ರೊಪೆಲ್ಲರ್ ಇಟ್ಟುಕೊಂಡೇ ಸಾಗಿಸುವುದು ಬೇಡ.
- ತೆರೆದ ಬಾಯಿಗಳಿಗೆ ಬಟ್ಟೆ ತುರುಕುವುದು ಬೇಡ.

*ಪೆಟ್ಟಿಗೆ ಕಟ್ಟುವಾಗ*
- ಹಳೇ ಟೈರಿನ ಮೇಲೆ ಕೂರಿಸುವುದು ಬೇಡ.
- ಆಯಿಲ್ ಸಂಪಿನ ಮೇಲಾಗಲಿ ಕಾರ್ಬುರೇಟರಿನ ಮೇಲಾಗಲಿ ಭಾರ ಬಿಡಬಾರದು.
- ಸಿಲಿಂಡರಿಗೆ, ಇನ್‌ಟೇಕ್ ಪೈಪಿಗೆ ಹಗ್ಗ ಕಟ್ಟಿ ಎತ್ತಬಾರದು.
- ಬರೀ ಬೆಲ್ಟ್ ಬಿಗಿದು ಬೋಲ್ಟ್ ಬಿಡುವುದು ಬೇಡ.
- ಸಿಲಿಕಾ ಜೆಲ್ ಇಡದೆ ಪ್ಲಾಸ್ಟಿಕ್ ಸುತ್ತುವುದು ಬೇಡ.
- ಬಿಡಿ ಭಾಗಗಳನ್ನು ಅದೇ ಪೆಟ್ಟಿಗೆಯಲ್ಲಿ ಸಡಿಲವಾಗಿ ಹಾಕಬಾರದು.
- ಪೆಟ್ಟಿಗೆಯ ಮೇಲೆ ಬೇರೆ ಸರಕು ಪೇರಿಸಲು ಒಪ್ಪಬಾರದು.

*ಕಾಗದಪತ್ರ*
- ಮೂಲ ಲಾಗ್‌ಬುಕ್ ಎಂಜಿನ್ ಪೆಟ್ಟಿಗೆಯೊಳಗೆ ಬೇಡ.
- ‘ಯಂತ್ರದ ಬಿಡಿಭಾಗ’ ಎಂದು ಮಾತ್ರ ಬರೆಸಿ ಕಳಿಸಬಾರದು.
- ಕಸ್ಟಮ್ಸ್ ಸುಂಕ ಉಳಿಸಲು ಬೆಲೆ ಇಳಿಸಿ ತೋರಿಸುವುದು ಬೇಡ.
- ಪ್ರಮಾಣಪತ್ರ ಕೈಸೇರುವ ಮೊದಲು ಪೂರ್ತಿ ಹಣ ಕೊಡಬಾರದು.

*ಬಂದಿಳಿದಾಗ*
- ನೋಡದೆ ರಸೀದಿಗೆ ಸಹಿ ಬೇಡ.
- ಡ್ರೈವರ್ ಅವಸರ ಮಾಡಿದನೆಂದು ಪರಿಶೀಲನೆ ಬಿಡುವುದು ಬೇಡ.
- ವಿಮೆಯವರು ನೋಡುವವರೆಗೆ ಒಡೆದ ಪೆಟ್ಟಿಗೆ, ಮುರಿದ ಮರ ಎಸೆಯಬಾರದು.
- ಇಂಡಿಕೇಟರ್ ಕೆಂಪಾದ ಎಂಜಿನ್ನನ್ನು, ಡಯಲ್ ಗೇಜಿಟ್ಟು ಕ್ರ್ಯಾಂಕ್‌ಶಾಫ್ಟಿನ ಫ್ಲ್ಯಾಂಜ್ ಅಳೆಸಿ ಎಂಜಿನಿಯರ್ ಬರೆದು ಕೊಡುವವರೆಗೆ, ವಿಮಾನಕ್ಕೆ ಕೂರಿಸಬಾರದು.