ಬೆಕ್ಕಿಗೂ ಕುಷ್ಠವೇ?

ಬೆಕ್ಕು ಇಲಿ ಹಿಡಿಯುವುದನ್ನು ನೀವೆಲ್ಲ ನೋಡಿದ್ದೀರಿ. ಆದರೆ ಇಲಿ ಸುಮ್ಮನೆ ಸಿಕ್ಕಿಬೀಳುವುದಿಲ್ಲ. ಮೂಲೆಗೆ ಸಿಕ್ಕಿದ ಹೆಗ್ಗಣವಂತೂ ತಿರುಗಿಬಿದ್ದು ಬೆಕ್ಕಿನ ಮುಖಕ್ಕೋ ಮುಂಗಾಲಿಗೋ ಕಚ್ಚಿಯೇಬಿಡುತ್ತದೆ. ಗಾಯ ಸಣ್ಣದು. ಬೆಕ್ಕು ಅದನ್ನು ನೆಕ್ಕಿಕೊಂಡು ಮರೆತುಬಿಡುತ್ತದೆ. ಕೆಲವು ದೇಶಗಳಲ್ಲಿ ಮಾತ್ರ ಕಥೆ ಅಲ್ಲಿಗೆ ಮುಗಿಯುವುದಿಲ್ಲ.

ನ್ಯೂಜಿಲೆಂಡ್ ತಂಪು ಹವೆಯ ದ್ವೀಪದೇಶ. ಅಲ್ಲಿನ ಬೆಕ್ಕುಗಳ ಚರ್ಮದಲ್ಲಿ ಏಳುವ ಒಂದು ಬಗೆಯ ಗಂಟಿನ ಬಗ್ಗೆ 1962ರಲ್ಲಿ ವರದಿ ಪ್ರಕಟವಾಯಿತು. ಮರುವರ್ಷ ಆಸ್ಟ್ರೇಲಿಯದಿಂದಲೂ ಅಂಥದೇ ವರದಿ ಬಂತು. ಆಮೇಲೆ ಬ್ರಿಟನ್, ಕೆನಡಾದ ಪಶ್ಚಿಮ ಕರಾವಳಿ ಮುಂತಾದ ಕಡೆಗಳಲ್ಲೂ ಅದು ಕಂಡಿತು. ಹೊರಗೆ ಅಲೆದು ಬೇಟೆಯಾಡುವ ಎಳೆಯ ಬೆಕ್ಕುಗಳಲ್ಲೇ ಇದು ಹೆಚ್ಚು. ತಲೆ ಮತ್ತು ಕಾಲುಗಳ ಮೇಲೆ ಗಟ್ಟಿಯಾದ ಗಂಟುಗಳು ಏಳುತ್ತವೆ. ಮುಟ್ಟಿದರೆ ನೋವಿಲ್ಲ, ತುರಿಕೆಯೂ ಇಲ್ಲ. ಕೆಲವು ಗಂಟುಗಳು ಒಡೆದು ಹುಣ್ಣಾಗುತ್ತವೆ. ಆದರೂ ಬೆಕ್ಕು ಸಾಮಾನ್ಯವಾಗಿ ಎಂದಿನಂತೆ ತಿಂದು ಆಡಿಕೊಂಡಿರುತ್ತದೆ.

ಗಂಟಿನೊಳಗೆ ಏನಿದೆ? ಪಶುವೈದ್ಯರು ಸೂಜಿಯಿಂದ ಚೂರು ದ್ರವ್ಯ ತೆಗೆದು ಗಾಜಿನ ಪಟ್ಟಿಯ ಮೇಲೆ ಹರಡುತ್ತಾರೆ. ಅದಕ್ಕೆ ಕೆಂಪು ಬಣ್ಣ ಹಾಕಿ ಬಿಸಿ ಮಾಡುತ್ತಾರೆ. ನಂತರ ಆಮ್ಲದಿಂದ ತೊಳೆದು ನೀಲಿ ಬಣ್ಣ ಹಾಕುತ್ತಾರೆ. ಸಾಮಾನ್ಯ ಬ್ಯಾಕ್ಟೀರಿಯಗಳಾದರೆ ಆಮ್ಲಕ್ಕೆ ಕೆಂಪನ್ನು ಬಿಟ್ಟುಕೊಟ್ಟು ನೀಲಿಯಾಗುತ್ತವೆ. ಈ ಗಂಟಿನ ಬ್ಯಾಕ್ಟೀರಿಯಗಳು ಮಾತ್ರ ಕೆಂಪು ಕಡ್ಡಿಗಳಂತೆ ಉಳಿಯುತ್ತವೆ. ಏಕೆ ಗೊತ್ತೇ? ಕೆಸುವಿನ ಎಲೆಯ ಮೇಲೆ ಒಂದು ಹನಿ ನೀರು ಹಾಕಿ ನೋಡಿ. ಹನಿ ಅಂಟದೆ ಜಾರಿಹೋಗುತ್ತದೆ. ಎಲೆಗೆ ಮೇಣದ ಹೊದಿಕೆ ಇದೆ. ಈ ಬ್ಯಾಕ್ಟೀರಿಯಗಳ ಕೋಶಭಿತ್ತಿಯಲ್ಲೂ ಮೇಣದಂಥ ಪದಾರ್ಥವಿದೆ. ಬಣ್ಣ ಒಳಹೋಗಬೇಕಾದರೆ ಬಿಸಿ ಬೇಕು. ಒಮ್ಮೆ ಹೋದ ಬಣ್ಣವನ್ನು ಆಮ್ಲವೂ ಹೊರಗೆ ತರಲಾರದು.

ಇದೇ ಪರೀಕ್ಷೆಯಲ್ಲಿ ಮನುಷ್ಯರ ಕುಷ್ಠರೋಗದ ಬ್ಯಾಕ್ಟೀರಿಯವೂ ಕೆಂಪಾಗಿ ಕಾಣುತ್ತದೆ. ಅದನ್ನು 1873ರಲ್ಲಿ ನಾರ್ವೆಯ ವೈದ್ಯ ಹ್ಯಾನ್ಸನ್ ಕಂಡುಹಿಡಿದಿದ್ದರು. 1903ರಲ್ಲಿ ಸ್ಟೆಫಾನ್ಸ್ಕಿ ಎಂಬ ವಿಜ್ಞಾನಿ ಕಪ್ಪುಸಮುದ್ರದ ಬಂದರು ಪಟ್ಟಣ ಒಡೆಸ್ಸದ ಇಲಿಗಳಲ್ಲಿ ಅಂಥದೇ ಕೆಂಪು ಕಡ್ಡಿಗಳಿರುವ ಚರ್ಮರೋಗವನ್ನು ವಿವರಿಸಿದರು. ಅದಕ್ಕೆ ‘ಇಲಿಯ ಕುಷ್ಠ’ ಎಂಬ ಹೆಸರು ಬಂತು. ಬೆಕ್ಕಿನಲ್ಲಿ ಕಂಡಾಗ ಅದು ‘ಬೆಕ್ಕಿನ ಕುಷ್ಠ’ವಾಯಿತು. ಇಲಿ ಕಚ್ಚಿದ ಗಾಯದಿಂದಲೇ ಬೆಕ್ಕಿಗೆ ರೋಗಾಣು ದಾಟುತ್ತದೆಂದು ಭಾವಿಸಲಾಗಿದೆ. (ಇಂಥದೇ ಗಂಟು ತರುವ ಬೇರೆ ಬ್ಯಾಕ್ಟೀರಿಯಗಳೂ ಇವೆ. ಅವುಗಳ ವಿಷಯ ಇಲ್ಲಿ ಬೇಡ.)

ನನ್ನನ್ನು ಕೇಳಿದರೆ, ಈ ಹೆಸರನ್ನು ಇಡಬಾರದಿತ್ತು. ಬಣ್ಣ ಒಂದೇ ಆದ ಮಾತ್ರಕ್ಕೆ ರೋಗ ಒಂದೇ ಆಗುವುದಿಲ್ಲ. ಕ್ಷಯರೋಗದ ಬ್ಯಾಕ್ಟೀರಿಯವೂ ಕೆಂಪಾಗಿಯೇ ಕಾಣುತ್ತದಲ್ಲ! 2017ರಲ್ಲಿ ವಿಜ್ಞಾನಿಗಳು ಇಲಿ ಕುಷ್ಠದ ಬ್ಯಾಕ್ಟೀರಿಯದ ಪೂರ್ಣ ಡಿ.ಎನ್.ಎ.ಯನ್ನು ಓದಿ ಪ್ರಕಟಿಸಿದರು. ಅದರ ಹತ್ತಿರದ ಬಂಧು ಮನುಷ್ಯರ ಕುಷ್ಠಾಣುವಲ್ಲ, ಹಕ್ಕಿಗಳಿಗೆ ಕ್ಷಯ ತರುವ ಬ್ಯಾಕ್ಟೀರಿಯದ ಗುಂಪು ಎಂದು ತಿಳಿಯಿತು. ಇನ್ನೊಂದು ಸ್ವಾರಸ್ಯವೂ ಹೊರಬಿತ್ತು. ಕುಷ್ಠಾಣುವಿನಂತೆ ಇದರಲ್ಲೂ ಬಹಳಷ್ಟು ಜೀನ್‌ಗಳು ಕೆಟ್ಟು ಕೆಲಸಕ್ಕೆ ಬಾರದಂತಾಗಿವೆ. ಎರಡೂ ಬೇರೆಬೇರೆ ದಾರಿಯಲ್ಲಿ ಬಂದು ಒಂದೇ ಸ್ಥಿತಿ ಮುಟ್ಟಿವೆ. ಬದುಕಲು ಅವು ಪ್ರಾಣಿಯ ಜೀವಕೋಶವನ್ನೇ ನೆಚ್ಚಿಕೊಂಡಿವೆ. ಆದ್ದರಿಂದ ಬೆಳವಣಿಗೆ ಬಹಳ ನಿಧಾನ. ನಮ್ಮ ಕರುಳಿನ ಒಂದು ಬ್ಯಾಕ್ಟೀರಿಯ ಅನುಕೂಲವಿದ್ದರೆ 20 ನಿಮಿಷಕ್ಕೆ ಎರಡಾಗುತ್ತದೆ. ಕುಷ್ಠಾಣುವಿಗೆ ಅದೇ ಕೆಲಸಕ್ಕೆ ಸುಮಾರು ಎರಡು ವಾರ ಬೇಕು!

ಮನುಷ್ಯರ ಕುಷ್ಠಾಣು ನರಗಳನ್ನು ಹಿಡಿಯುತ್ತದೆ. ಹಾಗಾಗಿ ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಚ್ಚೆ ಮೂಡುತ್ತದೆ. ಅಂಥ ಮಚ್ಚೆ ಯಾರಲ್ಲಾದರೂ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಬೇಕು. ಔಷಧಿ ಉಚಿತ. 6 ಅಥವಾ 12 ತಿಂಗಳು ತಪ್ಪದೆ ತೆಗೆದುಕೊಂಡರೆ ರೋಗ ಪೂರ್ತಿ ವಾಸಿಯಾಗುತ್ತದೆ. ಬೆಕ್ಕಿನ ಗಂಟುರೋಗವಾದರೋ ಮುಖ್ಯವಾಗಿ ಚರ್ಮಕ್ಕೆ ಮತ್ತು ಅದರ ಕೆಳಗಿನ ಪದರಕ್ಕೆ ಸೇರಿದ್ದು. ಅದು ಮನುಷ್ಯರಿಗೆ ಹರಡುತ್ತದೆ ಎನ್ನಲು ಯಾವ ಆಧಾರವೂ ಸಿಕ್ಕಿಲ್ಲ. ಹೆಸರು ಕೇಳಿ ಹೆದರಿ ಬೆಕ್ಕನ್ನು ಬೀದಿಗೆ ಬಿಡಬೇಕಾಗಿಲ್ಲ.

ಗಂಟು ಒಂದೆರಡೇ ಇದ್ದರೆ ಪಶುವೈದ್ಯರು ಶಸ್ತ್ರಚಿಕಿತ್ಸೆ ಮಾಡಿ ತೆಗೆಯುತ್ತಾರೆ. ಹೆಚ್ಚಿದ್ದರೆ ಗುಳಿಗೆ ಕೊಡುತ್ತಾರೆ. ತಮಾಷೆಯೆಂದರೆ, ಬಂಧುತ್ವ ದೂರವಾದರೂ ಔಷಧಿ ಹತ್ತಿರದ್ದೇ. ಮನುಷ್ಯರ ಕುಷ್ಠಕ್ಕೆ ಕೊಡುವ ಕ್ಲೋಫಜಿಮಿನ್ ಮತ್ತು ರಿಫಾಂಪಿಸಿನ್ ಬೆಕ್ಕಿಗೂ ಆಗುತ್ತವೆ. ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯ ನಿಧಾನವಾಗಿಯೇ ಸಾಯುತ್ತದೆ. ಆದ್ದರಿಂದ ತಿಂಗಳುಗಟ್ಟಲೆ ಔಷಧಿ ಬೇಕು. ಬೆಕ್ಕಿಗೆ ದಿನವೂ ಗುಳಿಗೆ ನುಂಗಿಸುವುದು ಎಷ್ಟು ಕಷ್ಟವೆಂದು ಪ್ರಯತ್ನಿಸಿದವರಿಗೇ ಗೊತ್ತು. ಕ್ಲೋಫಜಿಮಿನ್ ಸ್ವತಃ ಒಂದು ಕೆಂಪು ಬಣ್ಣ. ಅದನ್ನು ತಿನ್ನುವ ಬೆಕ್ಕಿನ ಚರ್ಮ ಕೆಂಗಂದು ಛಾಯೆಗೆ ತಿರುಗುತ್ತದೆ, ಬಿಳಿ ಬೆಕ್ಕಾದರೆ ಇದು ಚೆನ್ನಾಗಿ ಕಾಣುತ್ತದೆ. ಔಷಧಿ ನಿಲ್ಲಿಸಿದ ಮೇಲೆ ಬಣ್ಣ ಮೆಲ್ಲಗೆ ಇಳಿದುಹೋಗುತ್ತದೆ.